ಕಿವಿ ಕೊಡುವ ಅಂಕವನ್ನು ಎಷ್ಟು ನಂಬಬಹುದು? ಧ್ವನಿ ಪರೀಕ್ಷಿಸುವವರಿಗೆ ಒಂದು ಕೈಪಿಡಿ

ಒಂದೇ ರೋಗಿ, ಒಂದೇ ಧ್ವನಿ. ಒರಟುತನಕ್ಕೆ ನೀವು 1 ಬರೆದಿರಿ, ಪಕ್ಕದ ಕೋಣೆಯವರು 2 ಬರೆದರು. ಆರು ವಾರ ಬಿಟ್ಟು ಅದೇ ರೋಗಿ ಬಂದಾಗ ನೀವೂ 2 ಬರೆದಿರಿ. ಈಗ ಧ್ವನಿ ಕೆಟ್ಟಿತೋ, ನಿಮ್ಮ ಕಿವಿ ಬದಲಾಯಿತೋ? ಫೈಲು ತೆಗೆದು ನೋಡಿದರೂ ಉತ್ತರ ಸಿಗುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಗಂಟಲು ಕಟ್ಟಿಕೊಂಡು ಬರುವವರು ಕಡಿಮೆ ಏನಿಲ್ಲ. ತುಂಬಿದ ಕ್ಲಾಸಿನಲ್ಲಿ ಪಾಠ ಮಾಡುವ ಟೀಚರು, ಸಂತೆಯಲ್ಲಿ ಕೂಗಿ ಮಾರುವವರು, ಬಸ್ ಕಂಡಕ್ಟರು, ಬೆಳಗಿನ ತನಕ ಬಯಲಾಟದಲ್ಲಿ ಹಾಡುವವರು, ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡುವವರು. ಇವರ ಧ್ವನಿ ಅಳೆಯಲು ನಮ್ಮ ಹತ್ತಿರ ಮೊದಲು ಇರುವುದು ಕಿವಿಯೇ. ದೊಡ್ಡ ಊರಿನ ಲ್ಯಾಬಿನಲ್ಲೂ ಕಥೆ ಬೇರೆ ಅಲ್ಲ. ಸಾಫ್ಟ್‌ವೇರ್ ಕೊಡುವ ಅಂಕಿ ಸರಿ ಇದೆಯಾ ಅಂತ ನೋಡುವಾಗ, ಕೇಳುಗರ ಅಂಕದ ಪಕ್ಕದಲ್ಲಿಟ್ಟೇ ನೋಡುತ್ತಾರೆ.

ಗಂಜ್‌ನಲ್ಲಿ ತಕ್ಕಡಿಗೆ ಮುದ್ರೆ ಹಾಕಿಸದೆ ವ್ಯಾಪಾರ ಮಾಡುವ ಹಾಗಿಲ್ಲ. ನಮ್ಮ ಕಿವಿಗೆ ಮಾತ್ರ ಯಾರೂ ಮುದ್ರೆ ಕೇಳುವುದಿಲ್ಲ. ಆ ಕೆಲಸ ನಾವೇ ಮಾಡಿಕೊಳ್ಳಬೇಕು. ಇಬ್ಬರು ಮೂವರು ಸಹೋದ್ಯೋಗಿಗಳು, ಒಂದು ಲ್ಯಾಪ್‌ಟಾಪ್, ಎಲ್ಲರಿಗೂ ಒಂದೇ ಥರದ ಹೆಡ್‌ಫೋನ್, ಒಂದೆರಡು ಮಧ್ಯಾಹ್ನದ ಬಿಡುವು ಇದ್ದರೆ ಸಾಕು. ಇದನ್ನು ವಾಕ್ ಮತ್ತು ಶ್ರವಣ ತಜ್ಞರು, ಇಎನ್‌ಟಿ ಪಿಜಿ ಮಾಡುತ್ತಿರುವವರು, ಈ ಕೋರ್ಸಿನ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಒಂದು ಅಳತೆ ಆರಿಸಿಕೊಳ್ಳಿ

ಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು ಗ್ರಬಾಸ್. ಜಪಾನಿನಲ್ಲಿ ಹುಟ್ಟಿದ್ದು, 1981ರಲ್ಲಿ ಮಿನೋರು ಹಿರಾನೊ ಅವರ ಮೂಲಕ ಎಲ್ಲ ಕಡೆ ಹರಡಿತು. ಐದು ವಿಷಯ ನೋಡುತ್ತದೆ: ಒಟ್ಟಾರೆ ಧ್ವನಿ ಎಷ್ಟು ಕೆಟ್ಟಿದೆ (ಜಿ), ಒರಟು ಎಷ್ಟು (ಆರ್), ಗಾಳಿ ಸೋರಿಕೆ ಎಷ್ಟು (ಬಿ), ಬಲಹೀನತೆ ಎಷ್ಟು (ಎ), ಬಿಗಿತ ಎಷ್ಟು (ಎಸ್). ಪ್ರತಿಯೊಂದಕ್ಕೂ 0ಯಿಂದ 3ರ ತನಕ ಅಂಕ, ಅಂಕ ಹೆಚ್ಚಿದಷ್ಟೂ ಧ್ವನಿ ಕೆಟ್ಟಿದೆ ಅಂತ.

ಇನ್ನೊಂದು ಕೇಪ್-ವಿ. 2002ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತಜ್ಞರು ಸೇರಿ ರೂಪಿಸಿದ್ದು, 2009ರಲ್ಲಿ ವಿವರವಾಗಿ ಪ್ರಕಟವಾಯಿತು. ಇಲ್ಲಿ ಅಂಕದ ಮನೆಗಳಿಲ್ಲ. 100 ಮಿಲಿಮೀಟರ್ ಉದ್ದದ ಗೆರೆ ಇರುತ್ತದೆ, ನಿಮಗನ್ನಿಸಿದ ಕಡೆ ಗುರುತು ಹಾಕುತ್ತೀರಿ, ಆಮೇಲೆ ಸ್ಕೇಲ್ ಇಟ್ಟು ಅಳೆಯುತ್ತೀರಿ. ಒಟ್ಟಾರೆ ತೀವ್ರತೆ, ಒರಟು, ಗಾಳಿ ಸೋರಿಕೆ, ಬಿಗಿತದ ಜೊತೆ ಸ್ಥಾಯಿ (ಧ್ವನಿ ಎಷ್ಟು ಏರಿದೆ, ಎಷ್ಟು ಇಳಿದಿದೆ ಅನ್ನುವುದು) ಮತ್ತು ಗಟ್ಟಿತನಕ್ಕೂ ಒಂದೊಂದು ಗೆರೆ. ಇದಕ್ಕೆ ಕನ್ನಡ ರೂಪವೂ ಬಂದಿದೆ, ಅದರ ವಿಶ್ವಾಸಾರ್ಹತೆಯನ್ನು ಪರೀಕ್ಷಿಸಿಯೂ ಆಗಿದೆ. ಕೇಪ್-ವಿಯಲ್ಲಿ ಫೈಲಿಗೆ ಸೇರುವ ಅಂಕ ಕೊಡುವಾಗ ಈ ಕನ್ನಡ ರೂಪವನ್ನೇ ಬಳಸಿ.

ಯಾವುದು ಒಳ್ಳೆಯದು ಅಂತ ವಾದ ಮಾಡುತ್ತ ಕೂರಬೇಡಿ. ನನ್ನ ಲೆಕ್ಕದಲ್ಲಿ ರಶ್ ಇರುವ ಒಪಿಡಿಗೆ ಗ್ರಬಾಸ್, ಥೆರಪಿಯ ಮೊದಲು ಮತ್ತು ನಂತರ ಹೋಲಿಸಲು ಕೇಪ್-ವಿ. 0ಯಿಂದ 3ರ ಅಳತೆಯಲ್ಲಿ ಸಣ್ಣ ಸುಧಾರಣೆ ಕಾಣುವುದೇ ಇಲ್ಲ. ಹಾಗಂತ ಗೆರೆಯ ಮೇಲೆ 42 ಅಂತ ಬಂದ ಕೂಡಲೇ ನಿಮ್ಮ ಕಿವಿಗೆ 41ಕ್ಕೂ 42ಕ್ಕೂ ವ್ಯತ್ಯಾಸ ಗೊತ್ತು ಅಂದುಕೊಳ್ಳಬೇಡಿ. ಗೊತ್ತಿಲ್ಲ.

ಯಾವುದಕ್ಕೆ ಅಂಕ ಕೊಡುತ್ತಿದ್ದೀರಿ ಅಂತ ಜೋರಾಗಿ ಹೇಳಿಕೊಳ್ಳಿ

ಅಂಕ ಬೇರೆ ಬೇರೆ ಬರಲು ಬಹಳ ಸಲ ಕಾರಣ ಇದೇ. ಇಬ್ಬರೂ ಒಂದೇ ಧ್ವನಿ ಕೇಳುತ್ತಿರುತ್ತಾರೆ, ಆದರೆ ಅದರಲ್ಲಿನ ಬೇರೆ ಬೇರೆ ಗುಣಕ್ಕೆ ಕಿವಿ ಕೊಟ್ಟಿರುತ್ತಾರೆ. ಕೂತು ಮಾತಾಡಿ, ಒಂದು ಹಾಳೆಯಲ್ಲಿ ಬರೆದಿಡಿ.

ಒರಟು ಅಂದರೆ ಸ್ವರತಂತುಗಳ ಕಂಪನ ಏರುಪೇರಾದಾಗ ಕೇಳಿಸುವ ಗರಗರ. ಗಾಳಿ ಸೋರಿಕೆ ಅಂದರೆ ತಂತುಗಳು ಪೂರ್ತಿ ಮುಚ್ಚದೆ, ಮಾತಿನ ಜೊತೆ ಉಸಿರೂ ಹೋಗುವ ಸುಯ್ ಸದ್ದು. ಥೈರಾಯ್ಡ್ ಆಪರೇಷನ್ ಆದಮೇಲೆ ಒಂದು ಕಡೆಯ ತಂತು ನಿಶ್ಚಲವಾದವರಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ. ತಂತುಗಳ ಮೇಲೆ ಗಂಟು ಆದ ಟೀಚರುಗಳ ಧ್ವನಿಯಲ್ಲಿ ಎರಡೂ ಬೆರೆತಿರುತ್ತವೆ, ಜಗಳ ಶುರುವಾಗುವುದೂ ಅಲ್ಲೇ. ಗರಗರ ಜೋರಾಗಿದ್ದರೆ ಅದರ ಕೆಳಗಿನ ಉಸಿರು ಕೆಲವರಿಗೆ ಕೇಳಿಸುವುದಿಲ್ಲ. ಇನ್ನು ಕೆಲವರು ಉಸಿರನ್ನೇ ಹಿಡಿದು ಕೂರುತ್ತಾರೆ. ಇಂಥ ಧ್ವನಿಯನ್ನು ಎರಡು ಸಲ ಕೇಳಿಸಿ. ಮೊದಲ ಸಲ ಒರಟಿಗೆ ಮಾತ್ರ ಅಂಕ, ಎರಡನೇ ಸಲ ಉಸಿರಿಗೆ ಮಾತ್ರ.

ಬಿಗಿತದ ವಿಷಯದಲ್ಲಿ ಹುಷಾರು. ರೋಗಿ ಎದುರಿಗಿದ್ದಾಗ ಕತ್ತಿನ ನರ ಉಬ್ಬಿದ್ದು, ಭುಜ ಮೇಲೆದ್ದಿದ್ದು ಕಣ್ಣಿಗೆ ಬೀಳುತ್ತದೆ. ನಾವು ಕಣ್ಣಿಂದ ನೋಡಿದ್ದನ್ನು ಕಿವಿಯ ಅಂಕಕ್ಕೆ ಸೇರಿಸಿಬಿಡುತ್ತೇವೆ. ಅದೇ ಧ್ವನಿಯನ್ನು ರೆಕಾರ್ಡಿಂಗ್‌ನಲ್ಲಿ ಕೇಳಿದವರು ಕಡಿಮೆ ಅಂಕ ಕೊಟ್ಟರೆ ಆಶ್ಚರ್ಯ ಏನಿದೆ? ಹಲವು ಅಧ್ಯಯನಗಳಲ್ಲಿ ಒಟ್ಟಾರೆ ತೀವ್ರತೆಗೆ ಕೇಳುಗರ ಹೊಂದಾಣಿಕೆ ಚೆನ್ನಾಗಿದ್ದು, ಬಿಗಿತ ಮತ್ತು ಬಲಹೀನತೆಯಲ್ಲಿ ಕೈಕೊಟ್ಟಿದೆ. ಗ್ರಬಾಸ್ ಅಂಕಗಳನ್ನು ಎರಡು ಸಲ ಕೊಡಿಸಿ ನೋಡಿದ 1997ರ ಬೆಲ್ಜಿಯಂ ಅಧ್ಯಯನದಲ್ಲೂ ಜಿ ಅಂಕವೇ ಹೆಚ್ಚು ಸ್ಥಿರವಾಗಿತ್ತು. ಅದೇ ಅಧ್ಯಯನದಲ್ಲಿ, ಕೇಳುಗರು ಎಷ್ಟು ವರ್ಷದ ಅನುಭವಿಗಳು ಅನ್ನುವುದಕ್ಕಿಂತ ಅವರು ಇಎನ್‌ಟಿ ಡಾಕ್ಟರೋ ವಾಕ್ ತಜ್ಞರೋ ಅನ್ನುವುದು ಅಂಕದ ಮೇಲೆ ಹೆಚ್ಚು ಪರಿಣಾಮ ಬೀರಿತ್ತು. ಆದ್ದರಿಂದ ಈ ಅಭ್ಯಾಸಕ್ಕೆ ಎರಡೂ ಕಡೆಯವರನ್ನು ಕೂರಿಸಿಕೊಳ್ಳಿ. ಸೀನಿಯರ್ ಸರ್ ಬಂದಿದ್ದಾರೆ ಅಂತ ಅವರ ಅಂಕವೇ ಸರಿ ಅಂತ ತೀರ್ಮಾನ ಮಾಡಬೇಡಿ.

ಸ್ಥಾಯಿ ಮತ್ತು ಗಟ್ಟಿತನವನ್ನು ಆ ವ್ಯಕ್ತಿಯ ವಯಸ್ಸು, ಲಿಂಗ, ಅವರು ಬೆಳೆದ ಪರಿಸರಕ್ಕೆ ಹೋಲಿಸಿ ನೋಡಬೇಕು ಅಂತ ಕೇಪ್-ವಿಯಲ್ಲೇ ಇದೆ. ನಮ್ಮ ಕಡೆ ಮಾತು ಸ್ವಲ್ಪ ಗಟ್ಟಿಯೇ, ಅಲ್ವಾ? ಮಂಗಳೂರಿನಲ್ಲೋ ಮೈಸೂರಿನಲ್ಲೋ ಓದಿ ಹೊಸದಾಗಿ ಬಂದವರಿಗೆ ಸಿರುಗುಪ್ಪದ ರೈತ ಮಾಮೂಲಾಗಿ ಮಾತಾಡಿದರೂ ಜಗಳವಾಡಿದ ಹಾಗೆ ಕೇಳಬಹುದು. ಬಯಲಾಟದ ಕಲಾವಿದರ ಧ್ವನಿಯಲ್ಲಿರುವ ಒರಟು ಕೆಲವೊಮ್ಮೆ ಅವರು ಬೇಕೆಂದೇ ಬೆಳೆಸಿಕೊಂಡದ್ದು. ಅದಕ್ಕೂ ಅಂಕ ಕೊಡಿ, ಆದರೆ ಪಕ್ಕದಲ್ಲಿ ಅವರ ವೃತ್ತಿ ಬರೆಯಿರಿ.

ರೆಕಾರ್ಡಿಂಗ್: ಫ್ಯಾನ್ ಆಫ್ ಮಾಡಿ

ಎದುರಾ ಎದುರು ಕೇಳಿ ಕೊಟ್ಟ ಅಂಕಗಳನ್ನು ಹೋಲಿಸಲು ಬರುವುದಿಲ್ಲ. ರೋಗಿ ಎರಡನೇ ಸಲ ಹೇಳಿದ 'ಆ' ಮೊದಲಿನದಲ್ಲ. ರೆಕಾರ್ಡಿಂಗ್ ಬೇಕೇ ಬೇಕು.

ಬಳ್ಳಾರಿಯ ಏಪ್ರಿಲ್‌ನಲ್ಲಿ ಫ್ಯಾನ್ ನಿಲ್ಲಿಸಿ ಅಂದರೆ ಬೈಯುತ್ತಾರೆ, ಗೊತ್ತು. ಆದರೂ ನಿಲ್ಲಿಸಿ. ಫ್ಯಾನು, ಕೂಲರಿನ ಸದ್ದು ಉಸಿರಿನ ಸೋರಿಕೆಯ ಸದ್ದಿಗೆ ಬಹಳ ಹತ್ತಿರ. ಕೂಲರ್ ಓಡುತ್ತಿದ್ದರೆ ಚೆನ್ನಾಗಿರುವ ಧ್ವನಿಗೂ ಗಾಳಿ ಸೋರಿಕೆ 1 ಬೀಳಬಹುದು. ಬೆಳಿಗ್ಗೆ ಒಪಿಡಿ ಶುರುವಾಗುವ ಮೊದಲು, ಕಿಟಕಿ ಮುಚ್ಚಿ, ಕಾರಿಡಾರಿನಿಂದ ದೂರದ ಕೋಣೆಯಲ್ಲಿ ಕೂತರೆ ಐದು ನಿಮಿಷದ ಕೆಲಸ.

ಕೇಪ್-ವಿ ಸೂಚಿಸುವುದು ಕಂಡೆನ್ಸರ್ ಮೈಕನ್ನು. ಬಾಯಿಯಿಂದ 4 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲ, 45 ಡಿಗ್ರಿ ಓರೆಗೆ. ಓರೆ ಯಾಕೆಂದರೆ 'ಪ', 'ಹ' ಹೇಳುವಾಗಿನ ಗಾಳಿ ಮೈಕಿಗೆ ಬಡಿಯಬಾರದು. ರೆಕಾರ್ಡಿಂಗ್ 16 ಬಿಟ್, ಸೆಕೆಂಡಿಗೆ 20 ಸಾವಿರಕ್ಕಿಂತ ಕಡಿಮೆ ಇಲ್ಲದ ಸ್ಯಾಂಪಲ್. ಲ್ಯಾಪ್‌ಟಾಪಿನ ಯಾವ ಉಚಿತ ಸಾಫ್ಟ್‌ವೇರ್ ಆದರೂ ಇದನ್ನು ಮಾಡುತ್ತದೆ. ಹೆಡ್‌ಸೆಟ್ ಮೈಕ್ ಆದರೆ ಅನುಕೂಲ, ತಲೆ ಅಲ್ಲಾಡಿದರೂ ದೂರ ಬದಲಾಗುವುದಿಲ್ಲ.

ಮೊಬೈಲಿನಲ್ಲಿ ಮಾಡಿದರೆ ಎರಡು ಸಮಸ್ಯೆ. ಕೆಲವು ಫೋನುಗಳು ಗದ್ದಲ ತೆಗೆಯುತ್ತೇವೆ ಅಂತ ಧ್ವನಿಯ ಉಸಿರನ್ನೂ ತೆಗೆದುಬಿಡುತ್ತವೆ, ಮೆಲ್ಲಗಿನ ಧ್ವನಿಯನ್ನು ತಾವೇ ಎತ್ತಿಬಿಡುತ್ತವೆ. ಇನ್ನೊಂದು ವಾಟ್ಸಾಪ್ ವಾಯ್ಸ್ ನೋಟ್. ಅದು ಧ್ವನಿಯನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಕೊಪ್ಪಳದಲ್ಲಿರುವ ಸ್ನೇಹಿತರಿಗೆ ಕಳಿಸಬೇಕಿದ್ದರೆ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ.

ರೋಗಿಯ ಒಪ್ಪಿಗೆ ಬರೆಸಿಕೊಳ್ಳಿ. ಫೈಲಿನ ಹೆಸರಿನಲ್ಲಿ ರೋಗಿಯ ಹೆಸರು ಬೇಡ, ನಂಬರು ಸಾಕು. ಧ್ವನಿ ಕೇಳಿದರೇ ಊರಿನವರು ಗುರುತು ಹಿಡಿಯುತ್ತಾರೆ.

ಏನನ್ನು ಹೇಳಿಸಬೇಕು

'ಆ' ಮತ್ತು 'ಈ' ಸ್ವರಗಳನ್ನು 3ರಿಂದ 5 ಸೆಕೆಂಡು ಎಳೆದು ಹೇಳಿಸಿ, ಒಂದೊಂದನ್ನೂ ಮೂರು ಸಲ. ಆಮೇಲೆ ವಾಕ್ಯಗಳು. ಕೊನೆಗೆ ಇಪ್ಪತ್ತು ಸೆಕೆಂಡಾದರೂ ಸಹಜ ಮಾತು. "ನಿಮ್ಮ ಧ್ವನಿಗೆ ಏನಾಗಿದೆ ಹೇಳಿ" ಅಂದರೆ ನಮ್ಮ ಜನ ಎರಡು ನಿಮಿಷ ನಿಲ್ಲಿಸುವುದಿಲ್ಲ, ಆ ಚಿಂತೆ ಬೇಡ.

ಸ್ವರ ಮಾತ್ರ ಕೇಳಿ ಅಂಕ ಕೊಟ್ಟು ಮುಗಿಸಬೇಡಿ. ಕೆಲವು ತೊಂದರೆಗಳಲ್ಲಿ, ಅದರಲ್ಲೂ ಮಾತಿನ ನಡುವೆ ತಂತುಗಳು ತಾವಾಗಿ ಬಿಗಿದುಕೊಳ್ಳುವ ಸ್ಪಾಸ್ಮೊಡಿಕ್ ಡಿಸ್ಫೋನಿಯಾದಲ್ಲಿ, ಎಳೆದ 'ಆ' ಚೆನ್ನಾಗಿದ್ದು ಮಾತು ಮಾತ್ರ ಒಡೆಯುತ್ತದೆ. ಒಬ್ಬರು ಸ್ವರ ಕೇಳಿ, ಇನ್ನೊಬ್ಬರು ಮಾತು ಕೇಳಿ ಅಂಕ ಕೊಟ್ಟರೆ ಹೊಂದುವುದಾದರೂ ಹೇಗೆ?

ವಾಕ್ಯಗಳ ಹಿಂದೆ ಒಂದು ಲೆಕ್ಕ ಇದೆ. ಕೇಪ್-ವಿಯ ಆರು ವಾಕ್ಯಗಳಲ್ಲಿ ಒಂದೊಂದೂ ಒಂದೊಂದು ಕೆಲಸ ಮಾಡುತ್ತದೆ. ಎಲ್ಲ ಸ್ವರಗಳಿರುವ ಒಂದು, 'ಹ'ಕಾರದ ಮೆತ್ತಗಿನ ಆರಂಭಕ್ಕೆ ಒಂದು, ಪೂರ್ತಿ ಘೋಷ ಸದ್ದುಗಳದ್ದು ಒಂದು, ಸ್ವರದಿಂದ ಗಟ್ಟಿಯಾಗಿ ಶುರುವಾಗುವ ಪದಗಳದ್ದು ಒಂದು, ಅನುನಾಸಿಕಗಳದ್ದು ಒಂದು, 'ಕ ಟ ತ ಪ' ಥರದ ಅಘೋಷಗಳದ್ದು ಒಂದು. ಅಭ್ಯಾಸಕ್ಕೆ ನೀವೇ ಮಾಡಿಕೊಳ್ಳಬಹುದು. "ನಾನು ಮನೆಗೆ ಬಂದೆನು" ಅನ್ನುವುದರಲ್ಲಿ ಗಂಟಲು ಒಂದು ಕ್ಷಣವೂ ಬಿಡುವು ತೆಗೆದುಕೊಳ್ಳುವುದಿಲ್ಲ, ಎಲ್ಲವೂ ಘೋಷ. "ತಾತ ಕಪ್ಪು ಪಟ್ಟಿ ಕಟ್ಟಿಕೊಟ್ಟ" ಅನ್ನುವುದರಲ್ಲಿ ವ್ಯಂಜನಗಳೆಲ್ಲ ಅಘೋಷ, ಧ್ವನಿ ಹೊತ್ತಿ ಆರಿ ಹೊತ್ತಿ ಆರಿ ಹೋಗುತ್ತದೆ.

ಸ್ವರಾರಂಭದ ವಾಕ್ಯ ಕಟ್ಟುವಾಗ ಕನ್ನಡ ನಮಗೆ ಆಟ ಆಡಿಸುತ್ತದೆ. 'ಎತ್ತು' ಅಂತ ಬರೆದರೂ ಬಾಯಲ್ಲಿ 'ಯೆತ್ತು', 'ಓಡು' ಅಂತ ಬರೆದರೂ 'ವೋಡು'. ಅಲ್ಲಿ ಗಟ್ಟಿ ಆರಂಭವೇ ಇಲ್ಲ. ಆದ್ದರಿಂದ 'ಅ', 'ಆ'ಗಳನ್ನೇ ಹಿಡಿಯಿರಿ: "ಅಜ್ಜ ಆರು ಆಡು ಅಟ್ಟಿದ". ಇದನ್ನೂ ಸರಸರ ಹೇಳಿಸಿದರೆ ಪದಗಳು ಸಂಧಿಯಾಗಿ 'ಆರಾಡಟ್ಟಿದ' ಆಗಿಬಿಡುತ್ತದೆ. ಪದ ಬಿಡಿಸಿ ಹೇಳಿ ಅಂತ ಮೊದಲೇ ತಿಳಿಸಿ. 'ಹ'ಕಾರದಲ್ಲೂ ಹಾಗೇ, ಹಳ್ಳಿಯ ಕೆಲವರ ಮಾತಿನಲ್ಲಿ 'ಹಾಲು' 'ಆಲು' ಆಗಿರುತ್ತದೆ. ಅಂಥವರ ಹತ್ತಿರ ಆ ವಾಕ್ಯದಿಂದ ಏನೂ ಸಿಗದು.

ಇನ್ನೊಂದು ಮಾತು. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು ಮನೆಮಾತಿನವರು, ಉರ್ದು ಮನೆಮಾತಿನವರು ಬಹಳ. ಓದಲು ಬಾರದವರೂ ಇದ್ದಾರೆ. ಓದಲು ಕೊಡುವ ಬದಲು ನೀವು ಹೇಳಿ, ಅವರಿಂದ ಹೇಳಿಸಿ. ಆದರೆ ಹೇಳಿಕೊಡುವಾಗ ನಿಮ್ಮ ಧ್ವನಿ ಸಹಜವಾಗಿರಲಿ. ಪಾಪ, ಅವರು ನಿಮ್ಮ ಸ್ಥಾಯಿಯನ್ನೂ ಅನುಕರಿಸಿಬಿಡುತ್ತಾರೆ. ಮನೆಮಾತು ಬೇರೆ ಇದ್ದರೆ ಸಹಜ ಮಾತನ್ನು ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿ. ಯಾವ ಭಾಷೆ ಅಂತ ಬರೆದಿಡಿ.

ಅಂಕ ಕೊಡುವ ದಿನ

ಇಪ್ಪತ್ತು ಧ್ವನಿ ಸಾಕು. ಅದರಲ್ಲಿ ನಾಲ್ಕೈದು ಆರೋಗ್ಯವಂತರದ್ದು, ಒಂದೆರಡು ಧ್ವನಿ ಪೂರ್ತಿ ಕೆಟ್ಟವರದ್ದು, ಉಳಿದವು ನಡುವಿನವು. ಗಂಡಸರು, ಹೆಂಗಸರು ಇಬ್ಬರೂ ಇರಲಿ. ಸುಲಭದ ಧ್ವನಿಗಳನ್ನೇ ತುಂಬಿಕೊಂಡರೆ ಹೊಂದಾಣಿಕೆ ಚೆನ್ನಾಗಿ ಬರುತ್ತದೆ, ಖುಷಿಯಾಗುತ್ತದೆ, ಉಪಯೋಗ ಸೊನ್ನೆ.

ಈ ಇಪ್ಪತ್ತರಲ್ಲಿ ಐದನ್ನು ಬೇರೆ ನಂಬರು ಕೊಟ್ಟು ಮತ್ತೆ ಸೇರಿಸಿ. ಒಟ್ಟು ಇಪ್ಪತ್ತೈದು. ಯಾವುದು ಎರಡು ಸಲ ಬಂದಿದೆ ಅಂತ ಅಂಕ ಕೊಡುವವರಿಗೆ ಗೊತ್ತಾಗಬಾರದು. ಇದನ್ನು ಸಿದ್ಧ ಮಾಡಲು ಅಂಕ ಕೊಡದ ಒಬ್ಬರನ್ನು ಹಿಡಿಯಿರಿ. ವಿದ್ಯಾರ್ಥಿಗಳಿದ್ದರೆ ಅವರೇ ಸರಿ.

ಪ್ರತಿಯೊಬ್ಬರಿಗೂ ಧ್ವನಿಗಳ ಸಾಲು ಬೇರೆ ಇರಬೇಕು. ತುಂಬ ಕೆಟ್ಟ ಧ್ವನಿ ಕೇಳಿದ ಬೆನ್ನಿಗೇ ಸ್ವಲ್ಪ ಒರಟಾದದ್ದು ಬಂದರೆ ಅದು ಚೆನ್ನಾಗಿಯೇ ಕೇಳುತ್ತದೆ. ಅದೇ ಧ್ವನಿ ಒಳ್ಳೆಯ ಧ್ವನಿಯ ನಂತರ ಬಂದರೆ ಕೆಟ್ಟದಾಗಿ ಕೇಳುತ್ತದೆ. ಎಲ್ಲರೂ ಒಂದೇ ಸಾಲಿನಲ್ಲಿ ಕೇಳಿದರೆ ಎಲ್ಲರ ಕಿವಿಯೂ ಒಂದೇ ಕಡೆ ವಾಲುತ್ತದೆ. ಅದನ್ನು ಹೊಂದಾಣಿಕೆ ಅಂತ ಲೆಕ್ಕ ಹಾಕಿದರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ.

ಹಾಳೆಯಲ್ಲಿ ವಯಸ್ಸು ಮಾತ್ರ ಇರಲಿ. ರೋಗದ ಹೆಸರು, ಸ್ಕೋಪಿಯಲ್ಲಿ (ಗಂಟಲೊಳಗೆ ಇಣುಕಿ ತಂತುಗಳನ್ನು ನೋಡುವ ಪರೀಕ್ಷೆಯಲ್ಲಿ) ಕಂಡದ್ದು, ಬೇರೆ ವಿವರ ಯಾವುದೂ ಬೇಡ. ಸ್ವರತಂತುವಿನ ಪಾರ್ಶ್ವವಾಯು ಅಂತ ಓದಿದ ಮೇಲೆ ಉಸಿರು ಸೋರುವುದು ಕಿವಿಗೆ ಜಾಸ್ತಿ ಬೀಳುತ್ತದೆ. ಕೇಳುವಾಗ ಒಬ್ಬರ ಮುಖ ಒಬ್ಬರು ನೋಡಬೇಡಿ. 'ಅಯ್ಯೋ' ಅಂತ ಒಬ್ಬರು ಉದ್ಗರಿಸಿದರೆ ಪಕ್ಕದವರ ಅಂಕ ಒಂದು ಮೇಲೆ ಹೋಯಿತು ಅಂತಲೇ ತಿಳಿಯಿರಿ. ವಾಲ್ಯೂಮ್ ಒಮ್ಮೆ ಇಟ್ಟದ್ದನ್ನು ಬದಲಾಯಿಸಬೇಡಿ. ಅರ್ಧದಲ್ಲಿ ಚಹಾ ಕುಡಿಯಿರಿ. ಕಿವಿಯೂ ದಣಿಯುತ್ತದೆ.

ಈಗ ಲೆಕ್ಕ

ಮೊದಲು ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸಿ. ಎರಡು ಸಲ ಬಂದ ಐದು ಧ್ವನಿಗಳಿಗೆ ಎರಡೂ ಸಲ ಅದೇ ಅಂಕ ಕೊಟ್ಟಿದ್ದೀರಾ? ಇಲ್ಲಿ ಎರಡು ಅಂಕದ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಪಕ್ಕದವರ ಜೊತೆ ಹೋಲಿಸುವ ಮೊದಲು ಅಳತೆಯ ಅರ್ಥವನ್ನೇ ಮತ್ತೆ ಓದಿಕೊಳ್ಳಬೇಕು. ತನ್ನ ಜೊತೆಗೇ ಒಪ್ಪದ ಕಿವಿ ಇನ್ನೊಬ್ಬರ ಜೊತೆ ಒಪ್ಪಿದರೂ ಅದು ಕಾಕತಾಳೀಯ.

ಆಮೇಲೆ ಇಬ್ಬರ ನಡುವೆ. ನೂರಕ್ಕೆ ಎಷ್ಟು ಹೊಂದಿತು ಅಂತ ಎಲ್ಲರೂ ಮೊದಲು ಲೆಕ್ಕ ಹಾಕುತ್ತಾರೆ. ಅದು ದಾರಿ ತಪ್ಪಿಸುತ್ತದೆ. ಒಂದು ಊಹೆಯ ಉದಾಹರಣೆ ನೋಡಿ. ಇಪ್ಪತ್ತು ಧ್ವನಿಗಳಲ್ಲಿ ಒರಟು ಇದೆಯೋ ಇಲ್ಲವೋ ಅಂತ ಮಾತ್ರ ಹೇಳಬೇಕು. 12ರಲ್ಲಿ ಇಬ್ಬರೂ 'ಇಲ್ಲ' ಅಂದಿರಿ, 3ರಲ್ಲಿ ಇಬ್ಬರೂ 'ಇದೆ' ಅಂದಿರಿ. 3ರಲ್ಲಿ ನೀವು ಮಾತ್ರ 'ಇದೆ' ಅಂದಿರಿ, 2ರಲ್ಲಿ ಅವರು ಮಾತ್ರ. ಹೊಂದಿದ್ದು 15, ಅಂದರೆ ಶೇ 75. ಪರವಾಗಿಲ್ಲ ಅನ್ನಿಸುತ್ತದೆ.

ಆದರೆ ಸುಮ್ನೆ ಕಣ್ಣು ಮುಚ್ಚಿ ಹೇಳಿದ್ದರೂ ಎಷ್ಟು ಹೊಂದುತ್ತಿತ್ತು? ನೀವು 20ರಲ್ಲಿ 6ಕ್ಕೆ 'ಇದೆ' ಅಂದಿದ್ದೀರಿ, ಅವರು 5ಕ್ಕೆ. ಇಬ್ಬರೂ ಅದೃಷ್ಟದ ಮೇಲೆ 'ಇದೆ' ಅನ್ನುವ ಸಾಧ್ಯತೆ 0.30 ಗುಣಿಸು 0.25, ಅಂದರೆ 0.075. ಇಬ್ಬರೂ 'ಇಲ್ಲ' ಅನ್ನುವುದು 0.70 ಗುಣಿಸು 0.75, ಅಂದರೆ 0.525. ಕೂಡಿದರೆ 0.60. ಕಿವಿಯೇ ಇಲ್ಲದೆ ಶೇ 60 ಬಂದುಬಿಡುತ್ತಿತ್ತು! ನಿಮ್ಮ ಕಿವಿ ಸೇರಿಸಿದ್ದು 0.75 ಕಳೆ 0.60, ಅಂದರೆ 0.15. ಸೇರಿಸಲು ಜಾಗ ಇದ್ದದ್ದು 0.40. ಭಾಗಿಸಿದರೆ 0.375. ಇದೇ ಕಪ್ಪಾ. 1960ರಲ್ಲಿ ಜೇಕಬ್ ಕೋಹೆನ್ ಕೊಟ್ಟ ಅಳತೆ. 1977ರಲ್ಲಿ ಲ್ಯಾಂಡಿಸ್ ಮತ್ತು ಕಾಕ್ ಮಾಡಿದ ಪಟ್ಟಿಯಲ್ಲಿ 0.41ರಿಂದ 0.60 ಮಧ್ಯಮ ಹೊಂದಾಣಿಕೆ. 0.375 ಅದಕ್ಕಿಂತ ಕೆಳಗೆ. ಶೇ 75 ನೋಡಿ ಬೆನ್ನು ತಟ್ಟಿಕೊಂಡಿದ್ದರೆ?

ಗ್ರಬಾಸಿನ 0ಯಿಂದ 3ರ ಅಂಕಕ್ಕೆ ತೂಕ ಹಾಕಿದ ಕಪ್ಪಾ ಬಳಸಿ. ಅದರಲ್ಲಿ ಒಂದು ಅಂಕದ ವ್ಯತ್ಯಾಸಕ್ಕೆ ಸಣ್ಣ ದಂಡ, ಮೂರು ಅಂಕದ ವ್ಯತ್ಯಾಸಕ್ಕೆ ಪೂರ್ತಿ ದಂಡ. ಎಕ್ಸೆಲ್‌ನಲ್ಲೇ ಆಗುತ್ತದೆ, ಅಂಕಿಅಂಶದ ಉಚಿತ ಸಾಫ್ಟ್‌ವೇರುಗಳಲ್ಲೂ ಇದೆ.

ಕೇಪ್-ವಿಯ ಗೆರೆಗೆ ಬೇರೆ ಲೆಕ್ಕ. ಕೋರಿಲೇಶನ್ (ಇಬ್ಬರ ಅಂಕ ಜೊತೆಜೊತೆಗೆ ಏರಿಳಿಯುತ್ತದೆಯೇ ಅನ್ನುವ ಅಳತೆ) ತೆಗೆದು 0.9 ಬಂತು ಅಂತ ಬರೆಯುವವರನ್ನು ಬಹಳ ನೋಡುತ್ತೇವೆ. ನಾಲ್ಕು ಧ್ವನಿಗಳಿಗೆ ನೀವು 20, 35, 50, 65 ಕೊಟ್ಟು, ಅವರು 35, 50, 65, 80 ಕೊಟ್ಟರೆ ಕೋರಿಲೇಶನ್ 1. ಪರಿಪೂರ್ಣ! ಆದರೆ ಒಂದು ಧ್ವನಿಗೂ ಅಂಕ ಹೊಂದಿಲ್ಲ, ಪ್ರತಿ ಸಲ 15ರ ಅಂತರ. ಹಾಗಾಗಿ ಎರಡು ಸರಳ ಸಂಖ್ಯೆ ತೆಗೆಯಿರಿ. ಒಂದು, ಅಂತರಗಳ ಸರಾಸರಿಯನ್ನು ಕೂಡು ಕಳೆ ಚಿಹ್ನೆ ಸಮೇತ. ಯಾರು ಯಾವಾಗಲೂ ಬಿಗಿ, ಯಾರು ಧಾರಾಳಿ ಅಂತ ಅದು ಹೇಳುತ್ತದೆ. ಎರಡು, ಚಿಹ್ನೆ ಬಿಟ್ಟ ಅಂತರಗಳ ಸರಾಸರಿ. ಒಂದು ಧ್ವನಿಗೆ ಇಬ್ಬರ ಅಂಕ ಸಾಮಾನ್ಯವಾಗಿ ಎಷ್ಟು ದೂರ ಇರುತ್ತದೆ ಅಂತ ಅದು ತೋರಿಸುತ್ತದೆ. ಪ್ರಬಂಧಕ್ಕೆ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್, ಕೇಳುಗರ ಅಂಕ ಎಷ್ಟು ಹೊಂದುತ್ತದೆ ಅಂತ ತೋರಿಸುವ ಸಂಖ್ಯೆ) ಬೇಕಾದರೆ, ಅಂಕಗಳು ಒಂದೇ ಇರಬೇಕು ಅನ್ನುವ ಬಗೆಯನ್ನೇ ಆರಿಸಿ. ಏರಿಳಿತ ಜೊತೆಗಿದ್ದರೆ ಸಾಕು ಅನ್ನುವ ಇನ್ನೊಂದು ಬಗೆಯೂ ಇದೆ, ಅದು ಮೇಲಿನ 15ರ ಅಂತರವನ್ನು ಮುಚ್ಚಿಹಾಕುತ್ತದೆ. ಪ್ರತಿ ಗುಣಕ್ಕೂ ಬೇರೆ ಬೇರೆ ಲೆಕ್ಕ ಮಾಡಿ, ಒಟ್ಟಿಗೆ ಕಲಸಬೇಡಿ.

ಎಲ್ಲಿ ಹೊಂದಲಿಲ್ಲ ಅಂತ ನೋಡಿ

ಸಂಖ್ಯೆ ಬಂದ ಮೇಲೆ ಆ ಇಪ್ಪತ್ತು ಧ್ವನಿಗಳನ್ನು ಒಂದೊಂದಾಗಿ ತೆಗೆಯಿರಿ. ತೀರಾ ಚೆನ್ನಾಗಿರುವುದರಲ್ಲಿ ಜಗಳ ಇರುವುದಿಲ್ಲ, ತೀರಾ ಕೆಟ್ಟದ್ದರಲ್ಲೂ ಇರುವುದಿಲ್ಲ. ಚದುರಿ ಹೋಗುವುದು ನಡುವಿನವು. ಲಾಸ್ ಏಂಜಲೀಸ್‌ನ ಧ್ವನಿ ಸಂಶೋಧಕರಾದ ಕ್ರೈಮನ್ ಮತ್ತು ಗೆರಾಟ್ 1990ರ ದಶಕದಿಂದ ಇದನ್ನು ತೋರಿಸುತ್ತ ಬಂದಿದ್ದಾರೆ. ಅವರ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಪ್ರತಿಯೊಬ್ಬ ಕೇಳುಗರ ತಲೆಯೊಳಗೆ 'ಒರಟು ಅಂದರೆ ಇಷ್ಟು' ಅನ್ನುವ ಒಂದು ಮಾದರಿ ಇರುತ್ತದೆ. ಅದು ಅವರು ಇದುವರೆಗೆ ಕೇಳಿದ ಧ್ವನಿಗಳಿಂದ ಆದದ್ದು, ಒಬ್ಬರದ್ದು ಇನ್ನೊಬ್ಬರದ್ದಲ್ಲ, ಮತ್ತೆ ಅದು ನಿಂತಲ್ಲಿ ನಿಲ್ಲುವುದೂ ಇಲ್ಲ. ದಿನವೂ ಗಂಟಲಿನ ಕ್ಯಾನ್ಸರ್ ರೋಗಿಗಳನ್ನು ನೋಡುವವರಿಗೆ ಟೀಚರಮ್ಮನ ಧ್ವನಿ ಏನೂ ಅಲ್ಲ ಅನ್ನಿಸುತ್ತದೆ. ಸಂಗೀತದವರನ್ನು ನೋಡುವವರಿಗೆ ಅದೇ ಧ್ವನಿ ಗಂಭೀರ.

ಇದಕ್ಕೆ ಮದ್ದು, ಮಾದರಿಯನ್ನು ತಲೆಯಿಂದ ತೆಗೆದು ಲ್ಯಾಪ್‌ಟಾಪಿನಲ್ಲಿ ಇಡುವುದು. ಗೆರಾಟ್ ಅವರ ತಂಡ 1993ರಲ್ಲಿ ಮಾಡಿದ ಪ್ರಯೋಗದಲ್ಲಿ, ಮಾದರಿ ಧ್ವನಿಗಳನ್ನು ಜೊತೆಗಿಟ್ಟು ಹೋಲಿಸಿದಾಗ ಕೇಳುಗರ ಹೊಂದಾಣಿಕೆ ಹೆಚ್ಚಿತು. ನೀವೂ ಮಾಡಿ. ಎಲ್ಲರೂ ಒಂದೇ ಅಂಕ ಕೊಟ್ಟ ಧ್ವನಿಗಳನ್ನು ಹೆಕ್ಕಿ, ಒರಟು 0, 1, 2, 3ಕ್ಕೆ ಒಂದೊಂದು, ಗಾಳಿ ಸೋರಿಕೆಗೆ ಒಂದೊಂದು ಅಂತ ಫೋಲ್ಡರಿನಲ್ಲಿ ಇಡಿ. ಗಂಡು ಧ್ವನಿಗೆ ಬೇರೆ ಸೆಟ್, ಹೆಣ್ಣು ಧ್ವನಿಗೆ ಬೇರೆ ಸೆಟ್. ಒರಟಿನ ಮಾದರಿಯಲ್ಲಿ ಉಸಿರು ಆದಷ್ಟು ಕಡಿಮೆ ಇರುವುದನ್ನೇ ಆರಿಸಿ. ಅಂಥದ್ದು ಸಿಗುವುದು ಕಷ್ಟ, ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಕಾಯಿರಿ.

ಹೊಂದದ ಧ್ವನಿಗಳನ್ನು ಒಟ್ಟಿಗೆ ಕೇಳಿ. ಯಾರು ಗೆದ್ದರು ಅಂತ ಅಲ್ಲ, ಯಾರು ಯಾವುದನ್ನು ಕೇಳುತ್ತಿದ್ದರು ಅಂತ ತಿಳಿಯಲು. "ನಾನು ಕೊನೆಯ ಪದದಲ್ಲಿ ಧ್ವನಿ ಒಡೆದದ್ದಕ್ಕೆ 2 ಕೊಟ್ಟೆ", "ನಾನು ಪೂರ್ತಿ ವಾಕ್ಯದ ಸರಾಸರಿ ತೆಗೆದೆ" ಅನ್ನುವಂಥ ಮಾತು ಹೊರಬಂದರೆ ಅರ್ಧ ಕೆಲಸ ಮುಗಿಯಿತು. ಬಿಟ್ಟು ಬಿಟ್ಟು ಬರುವ ದೋಷಕ್ಕೂ ಸದಾ ಇರುವ ದೋಷಕ್ಕೂ ಕೇಪ್-ವಿ ಹಾಳೆಯಲ್ಲಿ ಬೇರೆ ಗುರುತು ಇದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ.

ಒಂದೆರಡು ವಾರ ಬಿಟ್ಟು, ಮಾದರಿಗಳನ್ನು ಕೇಳಿಸಿಕೊಂಡು, ಹೊಸ ಧ್ವನಿಗಳ ಮೇಲೆ ಮತ್ತೆ ಮಾಡಿ. ಹಳೆಯ ಧ್ವನಿಗಳ ಮೇಲೆ ಮಾಡಿದರೆ ನೆನಪಿಗೆ ಅಂಕ ಸಿಗುತ್ತದೆ, ಕಿವಿಗಲ್ಲ. ತರಬೇತಿಯ ಪರಿಣಾಮ ಕ್ರಮೇಣ ಸವೆಯುವುದರಿಂದ ಮಾದರಿಗಳನ್ನು ಆಗಾಗ ಕೇಳುತ್ತಿರಿ. ಹೊಸಬರು ಸೇರಿದಾಗಲಂತೂ ಖಂಡಿತ.

ಕ್ಲಿನಿಕ್ಕಿನಲ್ಲಿ ಬಳಸುವಾಗ

ಥೆರಪಿ ಕೊಟ್ಟವರೇ ಥೆರಪಿಯ ನಂತರದ ಅಂಕ ಕೊಡುವುದನ್ನು ನಿಲ್ಲಿಸಿ. ಆರು ವಾರ ದುಡಿದ ಮೇಲೆ ಸುಧಾರಿಸಿದೆ ಅಂತ ಕೇಳಿಸದೆ ಇರುತ್ತದೆಯೇ? ಮೊದಲಿನ ಮತ್ತು ಈಗಿನ ರೆಕಾರ್ಡಿಂಗ್ ಎರಡನ್ನೂ ನಂಬರು ಹಾಕಿ, ಬೇರೆ ನಾಲ್ಕಾರು ಧ್ವನಿಗಳ ಜೊತೆ ಬೆರೆಸಿ, ಸಹೋದ್ಯೋಗಿಗೆ ಕೊಡಿ. ಯಾವುದು ಮೊದಲಿನದು ಅಂತ ಹೇಳಬೇಡಿ. ಅವರ ರೋಗಿಗಳಿಗೆ ನೀವು ಇದೇ ಮಾಡಿಕೊಡಿ. ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಹಾಕಲು ಸಮಯ ಇದೆ ಅಂದರೆ ಇದನ್ನೇ ಹಾಕಿ ಅನ್ನುತ್ತೇನೆ.

ಮುಖ್ಯವಾದ ಕೇಸುಗಳಲ್ಲಿ ಇಬ್ಬರ ಅಂಕದ ಸರಾಸರಿ ತೆಗೆಯಿರಿ. ಇಬ್ಬರೂ ಸ್ವತಂತ್ರವಾಗಿ ಕೇಳಿದ್ದರೆ ಅಡ್ಡಾದಿಡ್ಡಿ ತಪ್ಪು ಸುಮಾರು ಶೇ 30ರಷ್ಟು ತಗ್ಗುತ್ತದೆ. ಮತ್ತೆ, ನಿಮ್ಮ ಲೆಕ್ಕದಲ್ಲಿ ಇಬ್ಬರ ನಡುವಿನ ಸಾಮಾನ್ಯ ಅಂತರ 12 ಅಂತ ಬಂದಿದ್ದರೆ, ಥೆರಪಿಯಿಂದ 8 ಇಳಿಯಿತು ಅಂತ ರೋಗಿಗೆ ಸಿಹಿ ಸುದ್ದಿ ಹೇಳಲು ಅವಸರ ಬೇಡ.

ಕಿವಿ ಎಷ್ಟೇ ಪಳಗಿದರೂ ತಂತುಗಳನ್ನು ನೋಡಲಾರದು. ನಾಲ್ಕು ವಾರ ಕಳೆದರೂ ಧ್ವನಿ ಸರಿಯಾಗದವರನ್ನು ಲ್ಯಾರಿಂಗೋಸ್ಕೋಪಿಗೆ ಕಳಿಸಲೇಬೇಕು. ಬೀಡಿ, ಸಿಗರೇಟು, ಗುಟ್ಕಾ ಬಳಸುವವರು, ಕತ್ತಿನಲ್ಲಿ ಗಂಟು ಇರುವವರು, ಉಸಿರಾಟಕ್ಕೋ ನುಂಗಲಿಕ್ಕೋ ತೊಂದರೆ ಇರುವವರು, ಕತ್ತಿನ ಆಪರೇಷನ್ ಆದಮೇಲೆ ಧ್ವನಿ ಕೆಟ್ಟವರು, ಇವರನ್ನು ಅಷ್ಟು ದಿನವೂ ಕಾಯಿಸಬೇಡಿ. ಜಿ ಅಂಕ 1 ಮಾತ್ರ ಇದೆ ಅನ್ನುವುದು ಸ್ಕೋಪಿ ತಪ್ಪಿಸಲು ಕಾರಣ ಆಗುವುದಿಲ್ಲ.

ಕೊನೆಯದಾಗಿ ಫೈಲಿನಲ್ಲಿ ಬರೆಯುವ ರೀತಿ. 'ಧ್ವನಿ ಒರಟು, ಮಧ್ಯಮ' ಅಂತ ಬರೆದರೆ ಮುಂದಿನ ಸಲ ನೋಡುವವರಿಗೆ ಏನೂ ಸಿಗದು. ಹೀಗೆ ಬರೆಯಿರಿ: ಜಿ 2, ಆರ್ 2, ಬಿ 1, ಎ 0, ಎಸ್ 1, 'ಆ' ಸ್ವರ, ವಾಕ್ಯ, ಸಹಜ ಮಾತು ಮೂರನ್ನೂ ಕೇಳಿದ್ದು, ಮಾತಿನ ಭಾಷೆ ತೆಲುಗು, ರೆಕಾರ್ಡಿಂಗ್‌ನಿಂದ, ಹೆಡ್‌ಫೋನ್ ಹಾಕಿ, ಕೇಳಿದವರು ಇಬ್ಬರು, ರೋಗದ ವಿವರ ಗೊತ್ತಿರಲಿಲ್ಲ, ಬೆಳಿಗ್ಗೆ ಹತ್ತು ಗಂಟೆ, ಶಾಲೆಗೆ ಹೋಗುವ ಮುಂಚೆ. ಹೊತ್ತು ಬರೆಯುವುದನ್ನು ಬಿಡಬೇಡಿ. ಟೀಚರುಗಳ ಧ್ವನಿ ಬೆಳಿಗ್ಗೆ ಒಂದು ಥರ, ಕೊನೆಯ ಪೀರಿಯಡ್ ಮುಗಿಸಿ ಬಂದಾಗ ಇನ್ನೊಂದು ಥರ.